ನಿಮಗಿದು ಗೊತ್ತೆ? ಚಿನ್ನ ಸುಮ್ಮನೆ ಕೂರುವ ಲೋಹವಲ್ಲ!

ಬಂಗಾರಪೇಟೆಯಿಂದ ಕವಲೊಡೆಯುವ ರೈಲುಹಾದಿ ತಲುಪಿಸುವ ಕೋಲಾರ ಚಿನ್ನದ ಪ್ರದೇಶದ, ಅಂದರೆ ಕೆಜಿಎಫ್‌ನ ಗಣಿಗಳು 2001ರಲ್ಲಿ ಮುಚ್ಚುವ ಹೊತ್ತಿಗೆ 800 ಟನ್ನಿನಷ್ಟು ಚಿನ್ನ ಕೊಟ್ಟಿದ್ದವು. ಅದಕ್ಕಾಗಿ ಕಾರ್ಮಿಕರು ಮೂರು ಕಿಲೋಮೀಟರ್ ಆಳಕ್ಕೆ ಇಳಿದಿದ್ದರು. ಯಾವುದರೊಂದಿಗೂ ಸುಲಭಕ್ಕೆ ರಾಸಾಯನಿಕವಾಗಿ ವರ್ತಿಸದ, ಕಿಲುಬು ಹಿಡಿಯದ ಗುಣಕ್ಕೇ ಚಿನ್ನಕ್ಕೆ ಮಾನ. ಅದೇ ಕಾರಣಕ್ಕೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕವಾಗಿ ಅದು ನಿರುಪಯುಕ್ತವೆಂದು ಬಹುತೇಕ ವಿಜ್ಞಾನಿಗಳು ನಂಬಿದ್ದರು. 1980ರ ದಶಕದಲ್ಲಿ ಜಪಾನಿನ ಮಸಾಟಾಕೆ ಹರುಟಾ ಚಿನ್ನವನ್ನು ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಲೋಹದ ಆಕ್ಸೈಡಿನ ಮೇಲೆ ಹರಡಿದರು. ಆಗ ಅದು ಸೊನ್ನೆ ಡಿಗ್ರಿಗಿಂತ ಕೆಳಗೂ ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕದೊಂದಿಗೆ ಕೂಡಿಸಿತು! ಗಟ್ಟಿಯೊಳಗಿನ ಪ್ರತಿ ಪರಮಾಣುವಿಗೂ 12 ನೆರೆಯವರಿರುತ್ತಾರೆ; ಕಣದ ಮೂಲೆಯಲ್ಲಿರುವುದಕ್ಕೆ ಅದರ ಅರ್ಧದಷ್ಟು ಮಾತ್ರ. ಹೀಗೆ ಬಿಡುವಾದ ಪರಮಾಣುವೇ ಅನಿಲದ ಅಣುಗಳನ್ನು ಹಿಡಿಯಬಲ್ಲದು.

ಈ ಚುರುಕನ್ನು ಶುದ್ಧ ಇಂಧನಕ್ಕೆ ಬಳಸೋಣವೆಂದರೆ, ಇಷ್ಟು ದುಬಾರಿ ಲೋಹ ಅದಕ್ಕೆ ಒಗ್ಗೀತೆ ಎಂಬ ಆಕ್ಷೇಪ ಸಹಜ. ಆದರೆ ಇಲ್ಲಿ ಬೇಕಾದದ್ದು ತೂಕವಲ್ಲ, ಮೇಲ್ಮೈ. ಚಿಟಿಕೆ ಚಿನ್ನ ಸಾಕು. ಇಂಧನಕೋಶದ ಪ್ಲಾಟಿನಂ ಅನ್ನು ಕೆಡಿಸುವ ಕಾರ್ಬನ್ ಮಾನಾಕ್ಸೈಡನ್ನು ಹೈಡ್ರೋಜನ್ನಿನಿಂದ ತೆಗೆಯಲು ಈ ಕಣಗಳನ್ನು ಪರೀಕ್ಷಿಸಿರುವುದು ಅದಕ್ಕೇ. ಪಿವಿಸಿಯ ಕಚ್ಚಾವಸ್ತು ತಯಾರಿಕೆಯಲ್ಲಂತೂ ಇಂಗಾಲದ ಮೇಲೆ ಬಿಡಿಬಿಡಿಯಾಗಿ ಕೂತ ಚಿನ್ನದ ಪರಮಾಣುಗಳು ವಿಷಕಾರಿ ಪಾದರಸದ ಜಾಗ ತುಂಬಬಲ್ಲವು. ನಿಜವಾದ ತೊಡಕು ಬೆಲೆಯದಲ್ಲ: ಬಿಸಿಯಾದಂತೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಚುರುಕು ಕಳೆದುಕೊಳ್ಳುತ್ತವೆ. ಅವನ್ನು ನೆಲೆಯಲ್ಲೇ ಹಿಡಿದಿಡುವ ಆಸರೆಯ ಹುಡುಕಾಟಕ್ಕೆ ಪರಮಾಣುಗಳನ್ನೇ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಈ ವೇಗವರ್ಧಕಗಳಿಗಾಗಿ ಮತ್ತೆ ಗಣಿ ತೋಡಬೇಕೆ ಎಂದು, ಚಿನ್ನ ತೆಗೆದುಳಿದ ಸೈನೈಡ್ ದಿಬ್ಬಗಳ ದೂಳು ಕಂಡ ಕೆಜಿಎಫ್ ಕೇಳಿದರೆ, ಬೇಡ. ಈಗಾಗಲೇ ಮೇಲೆ ಬಂದಿರುವ ಚಿನ್ನದ ಅತ್ಯಲ್ಪ ಪಾಲೇ ಈ ಕೆಲಸಕ್ಕೆ ಸಾಕು.