ಸಸಿ ಹಳದಿ ಯಾಕಾಯ್ತು? ಎಲೆಯನ್ನೇ ಕೇಳಿ!

‘ಏನವಾ ತಂಗಿ, ಮೆಣಸಿನ ಸಸಿ ಎಲ್ಲಾ ಹಳದಿ ಆಗ್ಯಾವು. ಒಂದೊಂದ ಚಿಟಿಗಿ ಯೂರಿಯಾ ಹಾಕ್ಲೇನ?’

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಿಂದ ನಮ್ಮಕ್ಕ ಬೆಳ್ಳಂಬೆಳಿಗ್ಗೆ ಫೋನ್ ಮಾಡಿದ್ದಳು. ಅಂಗಳದಲ್ಲಿ ಮಡಿ ಮಾಡಿದರೆ ಕೋಳಿ ಕೆದರುತ್ತವೆ, ಆಡು ಬಾಯಿ ಹಾಕುತ್ತವೆ, ಜೋರು ಮಳೆ ಬಂದರೆ ಬೀಜವೇ ಕೊಚ್ಚಿ ಹೋಗುತ್ತದೆ. ಅದಕ್ಕೇ ಈ ಸಲ ಪಡಸಾಲೆಯ ಕಿಟಕಿ ಹತ್ತಿರ 60 ಪ್ಲಾಸ್ಟಿಕ್ ಲೋಟಗಳಲ್ಲಿ ಬ್ಯಾಡಗಿ ಮೆಣಸಿನ ಬೀಜ ಹಾಕಿದ್ದಳು. ಹೋದ ವರ್ಷ ತಾನೇ ಆರಿಸಿ, ಒಣಗಿಸಿ ಕಟ್ಟಿಟ್ಟ ಬೀಜ. ಉಳಿದದ್ದು ಅಷ್ಟೇ. ಮೇ ತಿಂಗಳಲ್ಲಿ ಹಾಕಿದ ಸಸಿ ಜುಲೈ ಹೊತ್ತಿಗೆ ನೆಲ ಸೇರಬೇಕು. ಈಗ ಸತ್ತರೆ ಮತ್ತೆ ಬಿತ್ತಲು ಬೀಜವೂ ಇಲ್ಲ, ಹದವೂ ಇಲ್ಲ!

‘ಯೂರಿಯಾ ಆಮ್ಯಾಲ ಹಾಕುವಂತಿ. ಮೊದಲ ಹೇಳು, ಯಾವ ಎಲಿ ಹಳದಿ ಆಗೇತಿ? ಮ್ಯಾಲಿಂದೋ, ಕೆಳಗಿಂದೋ?’ ಅಂದೆ.

ಗೆಳತಿಯರೇ, ನೀವೂ ಮನೆಯೊಳಗೆ ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಮಾಡುತ್ತೀರಾ? ಹಾಗಾದರೆ ಈ ಒಂದು ಪ್ರಶ್ನೆ ನೆನಪಿಡಿ. ಮಗುವಿಗೆ ಜ್ವರ ಬಂದಾಗ ಕಾರಣ ತಿಳಿಯದೆ ಮಾತ್ರೆ ನುಂಗಿಸುತ್ತೇವೆಯೇ? ಸಸಿಯೂ ಹಾಗೆಯೇ.

ಕೆಳಗಿನ ಎಲೆ ಹಳದಿಯಾದರೆ

ಬೀಜದಿಂದ ಮೊದಲು ಹೊರಬರುವ ಎರಡು ಎಲೆಗಳು ನಿಜವಾದ ಎಲೆಗಳಲ್ಲ, ಬೀಜದೆಲೆಗಳು. ಸಸಿಗೆ ನಾಲ್ಕಾರು ಎಲೆ ಮೂಡಿದ ಮೇಲೆ ಅವು ಹಳದಿಯಾಗಿ ಉದುರುತ್ತವೆ. ಅದು ಸಹಜ, ಗಾಬರಿ ಬೇಡ.

ಆದರೆ ಬೀಜದೆಲೆ ದಾಟಿ ಅದರ ಮೇಲಿನ ಎಲೆಗಳೂ ಪೂರ್ತಿ ತಿಳಿಹಳದಿಯಾಗಿ, ಸಸಿ ಬೆಳೆಯದೇ ನಿಂತಿದ್ದರೆ ಸಾರಜನಕದ ಕೊರತೆ ಇರಬಹುದು. ಸಾರಜನಕ ಗಿಡದೊಳಗೆ ಓಡಾಡುವ ಪೋಷಕಾಂಶ. ಕೊರತೆಯಾದಾಗ ಹಳೆಯ ಎಲೆ ತನ್ನಲ್ಲಿರುವುದನ್ನು ಎಳೆಯ ಎಲೆಗೆ ಬಿಟ್ಟುಕೊಡುತ್ತದೆ. ತಾನು ಉಪವಾಸವಿದ್ದು ಮಕ್ಕಳಿಗೆ ಬಡಿಸುವ ತಾಯಿಯ ಹಾಗೆ! ಬರೀ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಗಳಲ್ಲಿ ಇದು ಹೆಚ್ಚು, ಏಕೆಂದರೆ ಅದರಲ್ಲಿ ಪೋಷಕಾಂಶ ಅಷ್ಟಕ್ಕಷ್ಟೆ. ಒಂದು ಹಿಡಿ ಎರೆಗೊಬ್ಬರವನ್ನು ಒಂದು ತಂಬಿಗೆ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ತಿಳಿನೀರನ್ನು ವಾರಕ್ಕೊಮ್ಮೆ ಹಾಕಿ. ಯೂರಿಯಾನೇ ಬೇಕೆಂದರೆ ಲೀಟರ್ ನೀರಿಗೆ 2 ಗ್ರಾಂ ಸಾಕು. ಒಣ ಹರಳನ್ನು ಮಾತ್ರ ಬುಡಕ್ಕೆ ಹಾಕಲೇಬೇಡಿ.

ಮೇಲಿನ ಎಲೆ ಹಳದಿಯಾದರೆ

ಸುಳಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಾಣುತ್ತಿವೆಯೇ? ಇದು ಕಬ್ಬಿಣದ ಕೊರತೆಯ ಗುರುತು. ಕಬ್ಬಿಣ ಸಾರಜನಕದಂತೆ ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಹೋಗುವುದಿಲ್ಲ. ಹಾಗಾಗಿ ಪೆಟ್ಟು ಬೀಳುವುದು ಎಳೆಯದಕ್ಕೆ.

ಅಕ್ಕನ ಸಸಿಗಳಲ್ಲಿ ಆಗಿದ್ದು ಇದೇ. ‘ಮಣ್ಣಿಗೆ ಏನು ಬೆರೆಸಿದ್ದಿ?’ ಅಂತ ಕೇಳಿದರೆ, ‘ಎರಿಮಣ್ಣು, ಅರ್ಧಕ್ಕರ್ಧ ಒಲಿ ಬೂದಿ. ಇರುವಿ ಬರಬಾರ್ದಂತ’ ಎಂದಳು. ಅಜ್ಜಿಯಂದಿರು ಬೂದಿ ಬಳಸುತ್ತಿದ್ದುದು ನಿಜ. ಆದರೆ ಅವರು ಉದುರಿಸುತ್ತಿದ್ದದ್ದು ಚಿಟಿಕೆ, ಅದೂ ಬಯಲಿನಲ್ಲಿ. ಬೂದಿಗೆ ಸುಣ್ಣದಂತೆ ಕ್ಷಾರ ಗುಣ. ಎರೆಮಣ್ಣು ಮೊದಲೇ ಕ್ಷಾರದ ಕಡೆ ವಾಲಿರುತ್ತದೆ. ಮೆಣಸಿನ ಗಿಡಕ್ಕೆ ಮಣ್ಣಿನ ರಸಸಾರ 6ರಿಂದ 7ರ ಆಸುಪಾಸು ಇದ್ದರೆ ಹಿತ. ಅದು ಬಹಳ ಮೇಲೇರಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಬೋರ್‌ವೆಲ್‌ನ ಗಡಸು ನೀರನ್ನೇ ದಿನಾ ಹಾಕಿದರೂ ಹೀಗಾಗಬಹುದು. ಮಳೆನೀರು ಹಿಡಿದಿಟ್ಟು ಸಸಿಗೆ ಹಾಕುವುದು ಒಳ್ಳೆಯದು.

ಬಣ್ಣ ಹೇಳುವ ಬೇರೆ ಮಾತುಗಳು

* ಇಡೀ ಸಸಿ ಬಿಳಚಿ, ಉದ್ದುದ್ದ ಬೆಳೆದು, ಕಿಟಕಿ ಕಡೆ ಬಾಗಿದ್ದರೆ: ಬೆಳಕು ಸಾಲದು. ಗೊಬ್ಬರದಿಂದ ಇದು ಸರಿಹೋಗದು. ಕಿಟಕಿಗೆ ಹತ್ತಿರ ಇಡಿ, ದಿನಾ ಲೋಟ ತಿರುಗಿಸಿ. ಬೆಳಕಿಲ್ಲದ ಫ್ಲ್ಯಾಟ್‌ನಲ್ಲಿದ್ದರೆ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಯಿಂದ ಒಂದು ಗೇಣು ಮೇಲೆ ಕಟ್ಟಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿ.

* ಎಲೆ ಹಳದಿಯಾಗಿ ಜೋತುಬಿದ್ದು, ಮಣ್ಣು ಸದಾ ಒದ್ದೆಯಾಗಿ ಮೇಲೆ ಪಾಚಿ ಕಟ್ಟಿದ್ದರೆ: ನೀರು ಹೆಚ್ಚಾಗಿದೆ, ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಲೋಟದ ತಳಕ್ಕೆ ಮೂರ್ನಾಲ್ಕು ತೂತು ಹಾಕಿದ್ದೀರಾ, ನೋಡಿ. ಬೆರಳಿನಿಂದ ಮುಟ್ಟಿದಾಗ ಮೇಲ್ಮಣ್ಣು ಒಣಗಿದ್ದರಷ್ಟೇ ನೀರು ಹಾಕಿ.

* ಕಾಂಡದ ಬುಡ ನೂಲಿನಂತೆ ಸಣ್ಣಗಾಗಿ ಸಸಿ ಅಡ್ಡಬಿದ್ದರೆ: ಇದು ಶಿಲೀಂಧ್ರದಿಂದ ಬರುವ ಸಸಿ ಕೊಳೆ ರೋಗ. ಬಿದ್ದದ್ದು ಮತ್ತೆ ಏಳುವುದಿಲ್ಲ, ಕಿತ್ತು ದೂರ ಹಾಕಿ. ಉಳಿದವುಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಹಾಕಿ. ಕೈಗೆ ಗವಸು ಇರಲಿ, ಮಕ್ಕಳು ಹತ್ತಿರ ಬಾರದಿರಲಿ, ಅಡುಗೆ ಪಾತ್ರೆಯಲ್ಲಿ ಕದಡಬೇಡಿ.

* ಟೊಮೆಟೊ ಎಲೆಯ ಅಡಿಭಾಗ ನೇರಳೆಯಾದರೆ: ರಂಜಕದ ಕೊರತೆ. ಚಳಿಗಾಲದಲ್ಲಿ ಮಣ್ಣು ತಣ್ಣಗಿದ್ದರೆ ಇದ್ದ ರಂಜಕವನ್ನೂ ಬೇರು ಹೀರಲಾರದು. ರಾತ್ರಿ ಸಸಿಗಳನ್ನು ಬೆಚ್ಚಗಿನ ಮೂಲೆಗೆ ಸರಿಸಿ. ಎಷ್ಟೋ ಸಲ ಅಷ್ಟೇ ಸಾಕು.

* ಎಲೆಯ ಅಂಚು ಕಂದಾಗಿ ಸುಟ್ಟಂತಿದ್ದರೆ: ಗೊಬ್ಬರ ಅತಿಯಾಗಿದೆ, ಇಲ್ಲವೇ ನೀರಿನಲ್ಲಿ ಉಪ್ಪಿನಂಶ ಹೆಚ್ಚು.

* ಹೊರಗಿಟ್ಟ ದಿನವೇ ಬಿಳಿ ಕಾಗದದಂಥ ಮಚ್ಚೆ ಬಿದ್ದರೆ: ಬಿಸಿಲಿನ ಪೆಟ್ಟು. ನೆರಳಲ್ಲಿ ಬೆಳೆದ ಕೂಸನ್ನು ಒಮ್ಮೆಲೇ ಉರಿಬಿಸಿಲಿಗೆ ಬಿಡಬಾರದು. ಮೊದಲು ಬೆಳಗಿನ ಬಿಸಿಲು ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ವಾರ ಹತ್ತು ದಿನ ರೂಢಿ ಮಾಡಿಸಿ.

* ಎಲೆ ದೋಣಿಯಂತೆ ಮುದುಡಿ, ಅಡಿಯಲ್ಲಿ ಸಣ್ಣ ಹುಳು ಹರಿದಾಡಿದರೆ: ನುಸಿಗಳ ಕಾಟ. ಬೇವಿನೆಣ್ಣೆಯನ್ನು ಲೀಟರ್‌ಗೆ 3ರಿಂದ 5 ಮಿ.ಲೀ., ಎರಡು ಹನಿ ಸೋಪಿನ ನೀರಿನೊಂದಿಗೆ, ಸಂಜೆ ಎಲೆಯಡಿಗೆ ಸಿಂಪಡಿಸಿ.

ಅಕ್ಕನ ಸಸಿ ಏನಾಯ್ತು?

ನನಗೆ ಫೋನ್ ಮಾಡುವ ಮೊದಲೇ 10 ಲೋಟಕ್ಕೆ ಯೂರಿಯಾ ಬಿದ್ದಾಗಿತ್ತು! ‘ಬೈತಿ ಅಂತ ಹೇಳಲಿಲ್ಲವಾ’ ಎಂದು ಆಮೇಲೆ ನಕ್ಕಳು. ಆ ಹತ್ತೂ ಎರಡೇ ದಿನದಲ್ಲಿ ಅಂಚು ಸುಟ್ಟು ಸತ್ತವು. ಉಳಿದವನ್ನು ಬೇರು ಅಲುಗದಂತೆ ತೆಗೆದು, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿದ ಹೊಸ ಮಣ್ಣಿಗೆ ಹಾಕಿದಳು. ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಫೆರಸ್ ಸಲ್ಫೇಟ್ ಅನ್ನು ಲೀಟರ್ ನೀರಿಗೆ 2 ಗ್ರಾಂನಂತೆ, ನಾಲ್ಕು ಹನಿ ನಿಂಬೆರಸ ಸೇರಿಸಿ, ಸಂಜೆ ಹೊತ್ತು ಸಿಂಪಡಿಸಿದಳು. ಮೊದಲು ಎರಡೇ ಸಸಿಗೆ. ಮೂರು ದಿನ ನೋಡಿ, ಏನೂ ಆಗಲಿಲ್ಲವೆಂದ ಮೇಲೆ ಉಳಿದವಕ್ಕೆ.

ಹೊಸ ಔಷಧಿ ಏನೇ ಇರಲಿ, ನೀವೂ ಹೀಗೇ ಮಾಡಿ. ಮತ್ತೊಂದು ಮಾತು: ಹಳದಿಯಾದ ಎಲೆ ಪೂರ್ತಿ ಹಸಿರಾಗಲಿ ಎಂದು ಕಾಯಬೇಡಿ. ಹೊಸದಾಗಿ ಬರುವ ಎಲೆಯನ್ನು ನೋಡಿ. ಅದು ಹಸಿರಾಗಿದ್ದರೆ ಸಸಿ ಗೆದ್ದಂತೆ.

ಇಷ್ಟಾದರೂ ಗೊತ್ತಾಗದಿದ್ದರೆ ಎಲೆ ಸಮೇತ ಒಂದು ಸಸಿ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಹೋಗಿ. ಹಾವೇರಿ ಜಿಲ್ಲೆಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ‘ಹೆಣ್ಣುಮಕ್ಕಳು, ನಮಗೇನು ತಿಳಿಯುತ್ತೆ’ ಎಂಬ ಸಂಕೋಚ ಬೇಡ. ಸಸಿಯನ್ನು ದಿನಾ ಹತ್ತಿರದಿಂದ ನೋಡುವವರು ನೀವೇ ತಾನೇ?

ಜುಲೈ ಮೊದಲ ವಾರ ಅಕ್ಕ ಮತ್ತೆ ಫೋನ್ ಮಾಡಿದಳು. 60ರಲ್ಲಿ 42 ಸಸಿ ಹಿತ್ತಲು ಸೇರಿದ್ದವು. ‘ಈ ಸಲ ಬೀಜಾನ ಎಲ್ಲಾ ಒಮ್ಮೆಲೇ ಹಾಕೂದಿಲ್ಲವಾ, ಅರ್ಧ ತಗದಿಡ್ತೀನಿ’ ಎಂದಳು. ನೀವೂ ಒಂದಿಷ್ಟು ಬೀಜ ತೆಗೆದಿಡಿ. ಬೂದಿ ಡಬ್ಬಿಯನ್ನು ಮಾತ್ರ ಸಸಿಯಿಂದ ದೂರ ಇಡಿ!