ಬೆರಳಿನ ಶಾಯಿಯಲ್ಲಿ ಬೆಳ್ಳಿಯ ಪಾಠ

10ನೇ ತರಗತಿಯ ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗುವ ಚಟುವಟಿಕೆಯಿದೆ. ಮಕ್ಕಳು ಸಮೀಕರಣ ಬರೆದು ಮುಂದೆ ಹೋಗಿಬಿಡುತ್ತಾರೆ. ಅದೇ ಕ್ರಿಯೆ ಮನೆಯ ಹಿರಿಯರ ಎಡಗೈ ತೋರುಬೆರಳಿನ ಮೇಲೂ ನಡೆದಿರುತ್ತದೆ.

ಮತದಾನದ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಅದು ಬೆವರಿನ ಉಪ್ಪಿನೊಡನೆ ವರ್ತಿಸಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇದು ನೀರಿನಲ್ಲಿ ಕರಗದು. ಬೆಳಕು ಬಿದ್ದಾಗ ವಿಭಜನೆಗೊಂಡು ಬೆಳ್ಳಿಯ ಸೂಕ್ಷ್ಮ ಕಣಗಳು ಉಳಿಯುತ್ತವೆ. ಬೆಳ್ಳಿ ಕಪ್ಪಗಿರುತ್ತದೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಣ ಅತಿ ಸಣ್ಣದಾದಾಗ ಆ ಹೊಳಪು ಇರುವುದಿಲ್ಲ. ಸೋಪಿಗೆ ಜಗ್ಗದ ಈ ಕಲೆ ಚರ್ಮದ ಮೇಲ್ಪದರ ಉದುರಿ, ಉಗುರು ಬೆಳೆದಂತೆ ಹೋಗುತ್ತದೆ.

ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯುವ ಈ ಶಾಯಿಯನ್ನು ರೂಪಿಸಿದ್ದು ಸರ್ಕಾರಿ ಹಣದಲ್ಲಿ ನಡೆಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. 1962ರ ಮಹಾಚುನಾವಣೆಯಿಂದ ತಯಾರಿಸುತ್ತಿರುವುದು ನಮ್ಮ ರಾಜ್ಯ ಸರ್ಕಾರದ ಮೈಸೂರು ಪೇಂಟ್ಸ್. ಜನರ ಹಣದ ಸಂಶೋಧನೆಯಾದರೂ ಪೂರ್ಣ ಸೂತ್ರ ಗುಟ್ಟು. ಅದು ಸರಿಯೆಂದೇ ನನಗನ್ನಿಸುತ್ತದೆ. ಸೂತ್ರ ಸಿಕ್ಕರೆ ಅಳಿಸುವ ದಾರಿಯನ್ನೂ ಹುಡುಕಿಯಾರು. ಬೇರೆ ಉತ್ತರವೂ ಇರಬಹುದು, ತರಗತಿಯಲ್ಲಿ ಚರ್ಚೆಗೆ ಬಿಡಿ.

ಬೋಧನಾಭ್ಯಾಸದಲ್ಲಿ ಸಿಲ್ವರ್ ನೈಟ್ರೇಟನ್ನು ಮಕ್ಕಳ ಬೆರಳಿಗೆ ಹಚ್ಚಬಾರದು. ಚರ್ಮ ಸುಡಬಹುದು, ಕಣ್ಣಿಗಂತೂ ಅಪಾಯ. ಶೋಧಕ ಕಾಗದದ ಮೇಲೆ ಉಪ್ಪುನೀರಿನ ಹನಿ, ಅದರ ಮೇಲೆ ಸಾರರಿಕ್ತ ದ್ರಾವಣದ ಹನಿ ಹಾಕಿ, ಅರ್ಧ ಮುಚ್ಚಿ ಬಿಸಿಲಿಗಿಟ್ಟರೆ ಸಾಕು.