ಹೆದರಿಕೆಯೋ, ದಾಕ್ಷಿಣ್ಯವೋ?

ಎಂ.ಬಿ.ಎ. ಓದುವ ನಮ್ಮ ಗೆಳೆಯರಿಗೆ ಹಾಫ್‌ಸ್ಟೆಡ ಎಂಬ ಹೆಸರು ಬಾಯಿಪಾಠ. ಈ ಡಚ್ ವಿದ್ವಾಂಸರು 1967ರಿಂದ 1973ರವರೆಗೆ ಐ.ಬಿ.ಎಂ. ಕಂಪನಿಯ ನೌಕರರು ತುಂಬಿಕೊಟ್ಟ 1,16,000ದಷ್ಟು ಪ್ರಶ್ನಾವಳಿಗಳನ್ನು ಹರವಿಕೊಂಡು ಕೂತು, 1980ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ದೇಶ ದೇಶಕ್ಕೂ ಅಂಕ ಬಿತ್ತು. ‘ಅಧಿಕಾರದ ಅಂತರ’ ಎಂಬ ವಿಷಯದಲ್ಲಿ ಭಾರತಕ್ಕೆ 77, ಡೆನ್ಮಾರ್ಕಿಗೆ 18. ಅಂಕ ಹೆಚ್ಚಿದಷ್ಟೂ ಮೇಲು-ಕೀಳನ್ನು ಜನ ಸಹಜವೆಂದೇ ಒಪ್ಪಿಕೊಂಡಿದ್ದಾರೆ ಅಂತ ಅರ್ಥ.

ಈ ಅಂಕ ಬಂದದ್ದು ಮೂರೇ ಪ್ರಶ್ನೆಗಳಿಂದ. ಅದರಲ್ಲೊಂದು: ಮ್ಯಾನೇಜರ ಮಾತು ಒಪ್ಪಿಗೆಯಾಗದಿದ್ದಾಗ ಹಾಗೆಂದು ಹೇಳಲು ನೌಕರರು ಎಷ್ಟು ಸಲ ಹೆದರುತ್ತಾರೆ? ಇದನ್ನೇ ಕನ್ನಡದಲ್ಲಿ ಕೇಳಿ ನೋಡೋಣ. ‘ಎದುರಾಡಲು’ ಅಂದರೆ ಕೆಲಸ ಕೆಟ್ಟಿತು. ನಮ್ಮಲ್ಲಿ ಎದುರಾಡುವುದೇ ತಪ್ಪು, ಹೆದರಿಕೆ ಆಮೇಲಿನ ಮಾತು. ಸರಿ, ‘ಭಿನ್ನಾಭಿಪ್ರಾಯ’ ಅನ್ನೋಣ. ಆಗಲೂ, ಹಿರಿಯರ ಮುಂದೆ ಸುಮ್ಮನಿರುವವನು ಹೆದರಿಯೇ ಸುಮ್ಮನಿದ್ದಾನೆಯೇ? ಅದು ದಾಕ್ಷಿಣ್ಯ ಇರಬಹುದು, ಸಂಕೋಚ ಇರಬಹುದು, ‘ಇವರಿಗೆ ಹೇಳಿ ಏನುಪಯೋಗ’ ಎಂಬ ಬೇಸರವೂ ಇರಬಹುದು. ಪ್ರಶ್ನಾವಳಿಯಲ್ಲಿ ಇವೆಲ್ಲಕ್ಕೂ ಒಂದೇ ಖಾನೆ! ಅನುವಾದ ಸರಿಯೇ ಅಂತ ನೋಡಲು ಇನ್ನೊಬ್ಬರಿಂದ ಅದನ್ನು ಮರಳಿ ಇಂಗ್ಲಿಷಿಗೆ ತರಿಸುವ ಕ್ರಮವಿದೆ. ಒಳ್ಳೇದೇ. ಆದರೆ ‘ಹೆದರಿಕೆ’ ಮರಳಿ ಹೆದರಿಕೆಯಾಗಿಯೇ ಬರುತ್ತದೆ; ಕೇಳದೇ ಬಿಟ್ಟ ದಾಕ್ಷಿಣ್ಯ ಬರುವುದಾದರೂ ಎಲ್ಲಿಂದ?

ಒಂದೇ ಅಳತೆಗೋಲಿನಿಂದ ಎಲ್ಲರನ್ನೂ ಅಳೆಯುವ ದಾರಿಗೆ ‘ಎಟಿಕ್’, ಒಳಗಿನವರ ಮಾತಿನಿಂದಲೇ ಅರ್ಥ ಹುಡುಕುವುದಕ್ಕೆ ‘ಎಮಿಕ್’ ಎನ್ನುತ್ತಾರೆ. 1954ರಲ್ಲಿ ಈ ಪದಗಳನ್ನು ಕೊಟ್ಟವರು ಭಾಷಾವಿಜ್ಞಾನಿ ಕೆನೆತ್ ಪೈಕ್. ಸಾಹಿತ್ಯದವರ ಪಕ್ಕದ ಮನೆಯವರೇ ಅನ್ನಿ.

ಅಂಕ ಕೊಡದೆ, ಹೋಗಿ ನೋಡಿದವರೂ ಇದ್ದಾರೆ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದರು. ಆಟೋಮ್ಯಾಟಿಕ್ ಮಗ್ಗ ಕೂಡಿಸಿದ್ದರೂ ನಿರೀಕ್ಷಿಸಿದಷ್ಟು ಬಟ್ಟೆ ಬರುತ್ತಿರಲಿಲ್ಲ. 224 ಮಗ್ಗ, 29 ಜನ, 12 ಬಗೆಯ ಕೆಲಸ. ತನ್ನದೆಂಬ ಗುಂಪು ಯಾರಿಗೂ ಇಲ್ಲ. ಒಂದಿಷ್ಟು ಮಗ್ಗಕ್ಕೆ ಒಂದು ತಂಡವೇ ಹೊಣೆಯಾಗಲಿ ಎಂಬ ವಿಚಾರ ಬಂದದ್ದೇ ತಡ, ಕೆಲಸಗಾರರು ತಾವೇ ತಂಡ ಕಟ್ಟಿಕೊಂಡುಬಿಟ್ಟರು. ಕ್ರಮೇಣ ಉತ್ಪಾದನೆ ಏರಿತು, ಕೆಡುವ ಬಟ್ಟೆ ಇಳಿಯಿತು. ಇದು 77 ಅಂಕದ ದೇಶದಲ್ಲಿ ನಡೆದದ್ದು!

ಹಾಗಂತ ಒಂದು ಮಿಲ್ಲನ್ನು ನೋಡಿ ಇಡೀ ದೇಶದ ಮಾತಾಡಲಾಗದು. ರೈಸ್ ಆಡಳಿತದವರು ಕರೆಸಿಕೊಂಡ ಸಲಹೆಗಾರರೂ ಹೌದು. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದರು. ಒಂದು ಕಡೆ ತಂಡದ ಪದ್ಧತಿ ಗಟ್ಟಿಯಾಗಿ ನಿಂತಿತ್ತು. ಉಳಿದೆಡೆ ಹಳೇ ರೀತಿ ಬಹುಮಟ್ಟಿಗೆ ಮರಳಿತ್ತು.